ಮೂವತ್ತೆರಡು ಡಿಗ್ರಿಯ ಸಾಲು

ನಮ್ಮ ಕಚೇರಿಯಲ್ಲಿ ಇಪ್ಪತ್ತು ವರ್ಷ, ಕೋಡ್ ಮುಟ್ಟಬೇಕಾದರೆ ಜಾಕೀಟು ಹಾಕಿಕೊಳ್ಳಬೇಕಿತ್ತು. ಚಳಿಗೆಂದಲ್ಲ. ಅಮೆರಿಕದ ಉತ್ತರದಂಚಿನ ನಮ್ಮೂರು ಡುಲುತ್‌ನ ಚಳಿಗೆ ಒಂದು ಜಾಕೀಟು ಯಾವ ಮೂಲೆಗೂ ಸಾಲದು. ಇದು ಜಿಂಕೆ ಬೇಟೆಗೆ ಹೋಗುವವರು ಹಾಕುವ, ತೋಳಿಲ್ಲದ, ಕಣ್ಣಿಗೆ ಚುಚ್ಚುವ ಕಿತ್ತಳೆ ಬಣ್ಣದ ಜಾಕೀಟು. ಕಾಫಿ ಯಂತ್ರದ ಪಕ್ಕದ ಮೊಳೆಗೆ ನೇತುಹಾಕಿದ್ದೆವು. ಅದನ್ನು ಹಾಕಿಕೊಂಡವರು ಮಾತ್ರ ಪ್ರೋಗ್ರಾಂನ ಸಾಲುಗಳನ್ನು ತಿದ್ದಬಹುದು. ಮಿಕ್ಕವರು ಕೈಕಟ್ಟಿ ಕೂತು, ಕಾಫಿ ಕುಡಿದು, ಅವರಿವರ ಸುದ್ದಿ ಆಡಬಹುದು. ಇಬ್ಬರು ಒಟ್ಟಿಗೆ ತಿದ್ದಿದರೆ ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರದು ಬಂದು ಕೂತು, ಮೊದಲಿನದು ಹೇಳಹೆಸರಿಲ್ಲದೆ ಹೋಗುತ್ತಿತ್ತು. ಅದಕ್ಕೇ ಈ ಏರ್ಪಾಡು. ಮಾಡಿದವಳು ನಾನು, ಲೋರ್ನಾ ಹೌಗೆನ್. ನನ್ನ ತಲೆ ಚುರುಕು ಎಂದು ಊರೆಲ್ಲ ಹೇಳುತ್ತಿತ್ತು, ಊರು ಹೇಳದಿದ್ದ ದಿನ ನಾನೇ ಹೇಳಿಕೊಳ್ಳುತ್ತಿದ್ದೆ.

ತಿದ್ದಿ ಮುಗಿದ ಮೇಲೆ ಇನ್ನೊಂದು ವಿಧಿ ಇತ್ತು. ಇಡೀ ಕೋಡನ್ನು ಹೊಸ ಫೋಲ್ಡರಿಗೆ ನಕಲು ಮಾಡಿ, ಅದಕ್ಕೆ ಆ ದಿನದ ತಾರೀಕು, ಜಾಕೀಟು ಹಾಕಿದ್ದವರ ಹೆಸರು, ಕೊನೆಗೆ 'ಅಂತಿಮ' ಎಂಬ ಪದ ಸೇರಿಸಬೇಕು. ಹೀಗೆ ನಮ್ಮಲ್ಲಿ ನಾನೂರಕ್ಕೂ ಹೆಚ್ಚು ಅಂತಿಮಗಳಿದ್ದವು. ಕೆಲವು 'ನಿಜವಾಗಿಯೂ ಅಂತಿಮ', ಒಂದೆರಡು 'ಇದೇ ಅಂತಿಮ, ಎಮೆಟ್ ಕೈ ಇಡಬೇಡ'.

ಎಮೆಟ್ ಲೈಟಿ ನಮ್ಮ ನಕ್ಷೆಗಳನ್ನು ನೋಡಿಕೊಳ್ಳುವವನು. ಮೂವತ್ತೈದು ದಾಟಿದವನು, ಬಾಯಿಗೆ ಬೀಗವಿಲ್ಲ. ಕಂಪನಿಯ ಯಜಮಾನ ವರ್ನ್ ಸ್ಕೋಗ್‌ಸ್ಟಾಡ್ ನನ್ನ ವಯಸ್ಸಿನವನೇ. ತೊಂಬತ್ತೊಂದರಲ್ಲಿ ನಾವಿಬ್ಬರೂ ಅವನ ಗ್ಯಾರೇಜಿನಲ್ಲಿ ಕೂತು ಶುರುಮಾಡಿದ ಪ್ರೋಗ್ರಾಂ ಇದು. ಶಾಲೆಯ ಬಸ್ಸುಗಳು ಯಾವ ದಾರಿ ಹಿಡಿಯಬೇಕು, ಯಾವ ಮಗುವನ್ನು ಎಲ್ಲಿ ಹತ್ತಿಸಿಕೊಳ್ಳಬೇಕು ಎಂದು ಅದು ಬೆಳಿಗ್ಗೆ ಐದಕ್ಕೆ ಪಟ್ಟಿ ಕೊಡುತ್ತದೆ. ನಮ್ಮೂರು ಸರೋವರಕ್ಕೆ ಇಳಿಬಿದ್ದ ಗುಡ್ಡ. ಐಸ್ ಕಟ್ಟಿದ ದಿನ ಕಡಿದಾದ ರಸ್ತೆಗಳಿಗೆ ಬಸ್ ಹತ್ತಿಸಿದರೆ ಅದು ಹತ್ತುವುದಿಲ್ಲ, ಜಾರುತ್ತದೆ. ಅಂಥ ದಿನ ಆ ರಸ್ತೆಗಳನ್ನು ಬಿಟ್ಟು ಸುತ್ತುದಾರಿ ಹಾಕಿಕೊಡುವುದೇ ನಮ್ಮ ಪ್ರೋಗ್ರಾಂನ ಹೆಗ್ಗಳಿಕೆ. ಇಪ್ಪತ್ತು ಚಳಿಗಾಲ ದಾಟಿತ್ತು, ಒಂದು ಬಸ್ಸೂ ಜಾರಿರಲಿಲ್ಲ. ವರ್ನ್ ಮೊದಮೊದಲು ನನ್ನ ಜೊತೆ ಕೋಡ್ ಬರೆಯುತ್ತಿದ್ದ, ಆಮೇಲೆ ಅದನ್ನು ಬಿಟ್ಟು ಊರೂರು ಸುತ್ತಿ ಮಾರುವ ಕೆಲಸಕ್ಕೆ ನಿಂತ. ಅವನಿಗೆ ಅದೇ ಸರಿ ಎಂದು ನಾನು ಭಾವಿಸಿದ್ದೆ.

ಆ ಸೆಪ್ಟೆಂಬರಿನಲ್ಲಿ ರೆನಾಟಾ ಬಿಯಾಲೆಕ್ ಬಂದಳು. ನಲವತ್ತೆರಡು ವರ್ಷ, ಮಿನಿಯಾಪೊಲಿಸ್‌ನ ದೊಡ್ಡ ಕಂಪನಿಯೊಂದು ಬಾಗಿಲು ಹಾಕಿದಾಗ ಕೆಲಸ ಕಳೆದುಕೊಂಡವಳು. ಎಡ ಮೊಣಕಾಲು ಹಾಳಾಗಿ ಕುಂಟುತ್ತಿದ್ದಳು. ಮೊದಲ ತೊಂಬತ್ತು ದಿನ ಪರೀಕ್ಷೆಯ ಕಾಲ, ಅದು ಮುಗಿದರೆ ಕೆಲಸ ಕಾಯಂ, ಜೊತೆಗೆ ಆರೋಗ್ಯ ವಿಮೆ. ವಿಮೆ ಸಿಕ್ಕರೆ ಮೊಣಕಾಲಿನ ಆಪರೇಷನ್. ಡಿಸೆಂಬರ್ ಹನ್ನೆರಡರ ಮೇಲೆ ಅವಳ ಕ್ಯಾಲೆಂಡರಿನಲ್ಲಿ ಹಸಿರು ಶಾಯಿಯ ಸುತ್ತು ಇತ್ತು. ಊಟದ ಬಿಡುವಿನಲ್ಲಿ ಹೆಪ್ಪುಗಟ್ಟಿದ ಬಟಾಣಿ ಪೊಟ್ಟಣವನ್ನು ಮೊಣಕಾಲಿಗೆ ಇಟ್ಟುಕೊಂಡು, ನಮ್ಮ ಜಾಕೀಟಿನ ನಾಟಕವನ್ನು ತುಟಿ ಬಿಗಿಹಿಡಿದು ನೋಡುತ್ತಿದ್ದಳು.

ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾಯಿತು. ಶುಕ್ರವಾರ ಸಂಜೆ ಎಮೆಟ್ ಜಾಕೀಟಿನ ಸಮೇತ ಕಾಡಿಗೆ ಹೋದ. ಅವನ ಸ್ವಂತದ ಜಾಕೀಟನ್ನು ನಾಯಿ ಕಚ್ಚಿ ಹರಿದಿತ್ತಂತೆ. ಸೋಮವಾರ ಬೆಳಿಗ್ಗೆ ಒಂದು ಶಾಲೆಯವರು ಫೋನ್ ಮಾಡಿ, ಒಂದು ಬಸ್ ನಿಲ್ದಾಣ ಬದಲಾಗಿದೆ, ತಕ್ಷಣ ಸರಿಮಾಡಿ ಎಂದರು. ವರ್ನ್ ಮೊಳೆ ನೋಡಿದ. ಮೊಳೆ ಖಾಲಿ.

"ಲೋರ್ನಾ, ಒಂದೇ ಒಂದು ಸಾಲು ಕಣೆ. ಹಾಕಿಬಿಡು," ಎಂದ.

"ಜಾಕೀಟು ಎಲ್ಲಿ?"

"ಎಮೆಟ್ ಮೈ ಮೇಲಿದೆ. ಅವನು ಮರದ ಮೇಲೆ ಕೂತಿದಾನೆ. ಅಲ್ಲಿ ಫೋನ್ ಸಿಗಲ್ಲ."

"ಹಾಗಾದ್ರೆ ಅವನು ಮರದಿಂದ ಇಳೀಲಿ. ಅವನು ಅರ್ಧ ಕೆಲಸ ಬಿಟ್ಟು ಹೋಗಿದ್ರೆ? ನಾನು ಮುಟ್ಟಲ್ಲ. ನಿಯಮ ಅಂದ್ರೆ ನಿಯಮ."

"ನಿಯಮ ಮಾಡಿದೋಳು ನೀನೇ ಅಲ್ವೇನೆ ಮಾರಾಯ್ತಿ!"

"ಅದಕ್ಕೇ ಮುರಿಯಲ್ಲ."

ಎರಡು ದಿನ ಏಳು ಮಕ್ಕಳು ತಪ್ಪು ಮೂಲೆಯಲ್ಲಿ ನಿಂತರು. ಬುಧವಾರ ಎಮೆಟ್ ಬರಿಗೈಯಲ್ಲಿ ಬಂದ. ಜಾಕೀಟು ಹೊಗೆ ವಾಸನೆ ಹೊಡೆಯುತ್ತಿತ್ತು. ವರ್ನ್ ಬೈಯಲಿಲ್ಲ. ನಮ್ಮ ಕಡೆಯ ಗಂಡಸರು ಸಿಟ್ಟು ಬಂದರೆ ಸುಮ್ಮನೆ ಕಿಟಕಿಯಿಂದ ಹೊರಗೆ ನೋಡುತ್ತಾರೆ, ಅವನು ಹತ್ತು ನಿಮಿಷ ನೋಡಿದ. ಆಗ ರೆನಾಟಾ ಬಟಾಣಿ ಪೊಟ್ಟಣ ಕೆಳಗಿಟ್ಟು ಬಾಯಿ ಬಿಟ್ಟಳು.

"ವರ್ನ್, ನಾನೊಂದು ಮಾತು ಹೇಳ್ಲಾ? ಇಡೀ ಪ್ರಪಂಚ ಈ ತಾಪತ್ರಯಕ್ಕೆ ಪರಿಹಾರ ಕಂಡುಕೊಂಡು ಎಷ್ಟೋ ವರ್ಷ ಆಯ್ತು. ಗಿಟ್ ಅಂತ ಒಂದು ಪ್ರೋಗ್ರಾಂ ಇದೆ. ಪುಕ್ಕಟೆ. ನಾಲ್ಕು ಜನ ಒಟ್ಟಿಗೆ ತಿದ್ದಬಹುದು. ಯಾರು, ಯಾವತ್ತು, ಯಾವ ಸಾಲು, ಯಾಕೆ ತಿದ್ದಿದ್ರು ಅಂತ ಅದೇ ಬರೆದಿಟ್ಕೊಳ್ಳುತ್ತೆ. ತಪ್ಪಾದ್ರೆ ನಿನ್ನೆಗೆ ವಾಪಸ್ ಹೋಗಬಹುದು, ಬೇಕಾದ್ರೆ ಹೋದ ವರ್ಷಕ್ಕೂ."

"ಜಾಕೀಟು?" ಎಂದ ವರ್ನ್.

"ಬೇಡ. ಮೈ ಮೇಲೊಂದು ಅಂಗಿ ಇದ್ರೆ ಸಾಕು."

ಎಮೆಟ್ ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ. ಎರಡು ತಿಂಗಳ ಹಿಂದೆ ಬಂದವಳು ಇಪ್ಪತ್ತು ವರ್ಷದ ಏರ್ಪಾಡಿಗೆ ಮೂಗು ಮುರಿದರೆ ಯಾರಿಗೆ ನಗು ಬರುತ್ತದೆ?

ಗುರುವಾರ ಪಾಠ ನಡೆಯಿತು. ಕುಂಬಳಕಾಯಿಯ ಸಿಹಿ ತುಂಡುಗಳನ್ನು ತಟ್ಟೆಯಲ್ಲಿ ಇಟ್ಟುಕೊಂಡು ಮೂವರೂ ಕೂತೆವು. ರೆನಾಟಾ ಚೆನ್ನಾಗಿಯೇ ಹೇಳಿಕೊಟ್ಟಳು, ಅದನ್ನು ಒಪ್ಪಬೇಕು. ಮೊದಲು ಏನು ತಿದ್ದಿದ್ದೀರೋ ಅದನ್ನು ಆಯ್ದು ಪಕ್ಕಕ್ಕಿಡಿ, ಆಮೇಲೆ ಯಾಕೆ ತಿದ್ದಿದಿರಿ ಎಂದು ಒಂದು ಸಾಲಿನ ಟಿಪ್ಪಣಿ ಬರೆದು ಕಮಿಟ್ ಮಾಡಿ, ಅಂದರೆ ದಾಖಲಿಸಿ, ಕೊನೆಗೆ ಎಲ್ಲರಿಗೂ ಸೇರಿದ ಉಗ್ರಾಣಕ್ಕೆ ಕಳಿಸಿ. ಎಮೆಟ್ ಅರ್ಧ ಗಂಟೆಯಲ್ಲಿ ಕಲಿತ. ಅವನ ಮೊದಲ ಟಿಪ್ಪಣಿ 'ಜಿಂಕೆ ಸಿಗಲಿಲ್ಲ' ಎಂದಿತ್ತು. ನಾನು ಕಲಿಯಲಿಲ್ಲ. ಕಲಿಯಲಾರದೆ ಅಲ್ಲ, ಹಟಕ್ಕೆ. ಏನಾದರೂ ತಿದ್ದಿದಾಗ ಎದ್ದು ರೆನಾಟಾಳ ಮೇಜಿಗೆ ಹೋಗಿ, "ಈ ಸಾಲು ಹಾಕಮ್ಮ ನಿನ್ನ ಉಗ್ರಾಣಕ್ಕೆ," ಎಂದು ಓದಿ ಹೇಳಿ ಬರುತ್ತಿದ್ದೆ. ಅವಳು ಕಣ್ಣು ಹೊರಳಿಸುತ್ತಲೇ ಅದನ್ನು ಹಾಕುತ್ತಿದ್ದಳು.

ಆ ಮೊದಲ ದಿನವೇ ಒಂದು ಎಡವಟ್ಟಾಯಿತು. ಇದ್ದ ಕೋಡನ್ನೆಲ್ಲ ರೆನಾಟಾ ತನ್ನ ಕಂಪ್ಯೂಟರಿನಿಂದ ಒಂದೇ ಸಲ ಒಳಗೆ ಹಾಕಿದಳು. ಹಾಕಿದವರ ಹೆಸರು ಅವಳದಾದ್ದರಿಂದ, ಬರೆದವರ ಹೆಸರೂ ಅವಳದೇ ಎಂದು ಗಿಟ್ ನಂಬಿತು.

"ನೋಡಿ ಲೋರ್ನಾ," ಎಂದ ಎಮೆಟ್, "ರೆನಾಟಾ ಒಂದೇ ಮಧ್ಯಾಹ್ನ ನಲವತ್ತೊಂದು ಸಾವಿರ ಸಾಲು ಬರ್ದಿದಾಳೆ. ನೀವು ಇಪ್ಪತ್ತು ವರ್ಷ ಏನು ಮಾಡ್ತಿದ್ರಿ?"

"ನಿನ್ನ ತಪ್ಪು ತಿದ್ತಿದ್ದೆ ಕಣೋ."

ಬಾಯಲ್ಲಿ ಹಾಗೆ ಹೇಳಿದೆ, ಆದರೆ ಹೊಟ್ಟೆ ಉರಿಯಿತು. ಆ ನಲವತ್ತೊಂದು ಸಾವಿರದಲ್ಲಿ ಮೂವತ್ತು ಸಾವಿರ ನನ್ನವು. ಒಂದರ ಮೇಲೂ ನನ್ನ ಹೆಸರಿಲ್ಲ. ರೆನಾಟಾ, "ಹಳೇ ಫೋಲ್ಡರ್‌ಗಳನ್ನ ಇಟ್ಕೊಂಡಿರೋಣ, ಬಿಡುವಾದಾಗ ಸರಿ ಮಾಡ್ತೀನಿ," ಎಂದಳು. ಆದರೆ ಹೊಸತರ ಹುಮ್ಮಸ್ಸಿನಲ್ಲಿದ್ದ ವರ್ನ್, ಜಾಗ ತಿನ್ನುತ್ತಿವೆ ಎಂದು ನಾನೂರು ಅಂತಿಮಗಳನ್ನೂ ಆಗಲೇ ಅಳಿಸಿ ಕೂತಿದ್ದ. ಇನ್ನು ಹಳೆಯದಕ್ಕೆ ಹೋಗುವ ದಾರಿ ಇಲ್ಲ ಎಂದು ಎಲ್ಲರೂ ಅಂದುಕೊಂಡರು.

ಒಂದು ದಾರಿ ಇತ್ತು. ಪ್ರತಿ ತಿಂಗಳ ಕೊನೆಗೆ ಆ ಫೋಲ್ಡರುಗಳನ್ನೆಲ್ಲ ಅಂಗೈಯಗಲದ ಡಿಸ್ಕೊಂದಕ್ಕೆ ತುಂಬಿಕೊಂಡು ಹೋಗಿ, ಮನೆಯ ನೆಲಮಾಳಿಗೆಯಲ್ಲಿ ಬೀಟ್‌ರೂಟ್ ಉಪ್ಪಿನಕಾಯಿಯ ಬಾಟಲಿಗಳ ಹಿಂದೆ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುವುದು ನನ್ನ ಅಭ್ಯಾಸ. ಕಚೇರಿಯ ಕೋಡ್ ಮನೆಗೆ ಒಯ್ಯಬಾರದು ಎಂಬುದು ವರ್ನ್ ಮಾಡಿದ ಒಂದೇ ನಿಯಮ. ಆದ್ದರಿಂದ ನಾನು ತುಟಿ ಬಿಚ್ಚಲಿಲ್ಲ.

ಗಿಟ್ ಬಂದ ಮೂರನೆಯ ವಾರ ಮೊದಲ ಐಸ್ ಬಿತ್ತು. ಬೆಳಿಗ್ಗೆ ತುಂತುರು, ಬಿದ್ದದ್ದು ಬಿದ್ದಲ್ಲೇ ಗಾಜಾಯಿತು. ಏಳೂಕಾಲಕ್ಕೆ ನಮ್ಮ ಪ್ರೋಗ್ರಾಂ ಹೇಳಿದ ದಾರಿಯಲ್ಲೇ ಒಂದು ಬಸ್ಸು ಟಿಶ್ಲರ್ ರಸ್ತೆಯ ಏರು ಹತ್ತಲು ಹೋಯಿತು. ನಗರದಲ್ಲಿ ಅದಕ್ಕಿಂತ ಕಡಿದಾದ ರಸ್ತೆ ಇನ್ನೊಂದಿಲ್ಲ. ಅರ್ಧ ಹತ್ತಿ, ನಿಂತು, ಹಿಂದಕ್ಕೆ ಜಾರಿ, ರಸ್ತೆಗೆ ಅಡ್ಡಲಾಗಿ ತಿರುಗಿ, ಯಾರದೋ ಅಂಚೆ ಪೆಟ್ಟಿಗೆಯನ್ನು ಮುರಿದು ನಿಂತಿತು. ಹತ್ತೊಂಬತ್ತು ಮಕ್ಕಳಿದ್ದರು. ಒಬ್ಬರಿಗೂ ಗೀರು ಸಹ ಆಗಲಿಲ್ಲ. ಮಕ್ಕಳಿಗಂತೂ ಜಾತ್ರೆಯ ತೊಟ್ಟಿಲು ಹತ್ತಿದಷ್ಟು ಖುಷಿ, ಇನ್ನೊಂದು ಸಲ ಜಾರಿಸಿ ಎಂದು ಡ್ರೈವರನ್ನು ಕೇಳಿದರಂತೆ. ಆದರೆ ಡ್ರೈವರ್ ಇಳಿದು ರಸ್ತೆ ಬದಿಯಲ್ಲಿ ಕೂತು ವಾಂತಿ ಮಾಡಿಕೊಂಡನಂತೆ.

ಎಮೆಟ್ ಹತ್ತು ನಿಮಿಷದಲ್ಲಿ ತಪ್ಪು ಹುಡುಕಿದ. ಉಷ್ಣಾಂಶ ಮೂವತ್ತೆರಡು ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ಇದ್ದರೆ ಕಡಿದಾದ ರಸ್ತೆ ಬಿಡು ಎಂದು ಆ ಸಾಲು ಹೇಳುತ್ತಿತ್ತು. ಅವತ್ತು ಬೆಳಿಗ್ಗೆ ಸರಿಯಾಗಿ ಮೂವತ್ತೆರಡಿತ್ತು. ಆ ಲೆಕ್ಕದಲ್ಲಿ ನೀರು ಗಟ್ಟಿಯಾಗುವುದೇ ಮೂವತ್ತೆರಡಕ್ಕೆ. ಮೂವತ್ತೆರಡು ಮೂವತ್ತೆರಡಕ್ಕಿಂತ ಕಡಿಮೆಯಲ್ಲವಲ್ಲ, ಹಾಗಾಗಿ ಪ್ರೋಗ್ರಾಂ ನಿಶ್ಚಿಂತೆಯಿಂದ ಬಸ್ಸನ್ನು ಮೇಲಕ್ಕೆ ಕಳಿಸಿತ್ತು. ಇಷ್ಟು ವರ್ಷ ಇದು ಗೊತ್ತಾಗದಿರಲು ಕಾರಣ, ಉಷ್ಣಾಂಶವನ್ನು ಪ್ರೋಗ್ರಾಂಗೆ ಕೈಯಾರೆ ಒತ್ತಿ ಕೊಡುತ್ತಿದ್ದ ಶಾಲೆಯ ಒಬ್ಬ ಹಿರಿಯ ಹೆಂಗಸು. ಅನುಮಾನ ಬಂದ ದಿನ ಆಕೆ ಒಂದೆರಡು ಡಿಗ್ರಿ ಕಡಿಮೆಯೇ ಒತ್ತುತ್ತಿದ್ದಳಂತೆ. ಬೇಸಿಗೆಯಲ್ಲಿ ಆಕೆ ನಿವೃತ್ತಳಾಗಿ, ಆ ಜಾಗಕ್ಕೆ ತಂತಾನೆ ಅಂಕಿ ಕಳಿಸುವ ಯಂತ್ರ ಬಂದಿತ್ತು.

ವರ್ನ್ ಗಿಟ್‌ನಲ್ಲಿ ಒಂದೇ ಒಂದು ಆಜ್ಞೆ ಕಲಿತಿದ್ದ. ಬ್ಲೇಮ್ ಎಂದು ಅದರ ಹೆಸರು. ಯಾವ ಸಾಲನ್ನು ಯಾರು ಬರೆದದ್ದು ಎಂದು ತೋರಿಸುತ್ತದೆ. ಒತ್ತಿದ. ರೆನಾಟಾ ಬಿಯಾಲೆಕ್, ನವೆಂಬರ್ ಹತ್ತು ಎಂದು ಬಂತು.

"ಇದೇನಿದು?" ಎಂದ.

"ವರ್ನ್, ಎಲ್ಲಾ ಸಾಲಿನ ಮೇಲೂ ನನ್ನ ಹೆಸರೇ ಇದೆ," ಎಂದಳು ರೆನಾಟಾ. "ಒಳಗೆ ಹಾಕಿದ್ದು ನಾನಲ್ವಾ? ಬರೆದಿದ್ದು ನಾನಲ್ಲ."

"ಇಪ್ಪತ್ತು ವರ್ಷ ಒಂದು ಬಸ್ ಜಾರಿಲ್ಲ. ನೀನು ಬಂದು, ಎಲ್ಲಾ ಬದಲಾಯಿಸಿ, ಮೂರು ವಾರಕ್ಕೆ ಜಾರಿದೆ. ನಾನು ಏನಂತ ತಿಳ್ಕೊಳ್ಳಲಿ?"

"ನಾನು ಆ ಸಾಲನ್ನ ಮುಟ್ಟೇ ಇಲ್ಲ."

"ಹಳೇದು ತೋರಿಸು ಹಾಗಾದ್ರೆ."

"ಹಳೇದನ್ನ ನೀವೇ ಅಳಿಸಿದ್ರಿ."

ವರ್ನ್ ಕಿಟಕಿಯ ಕಡೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. "ಲೋರ್ನಾ, ಆ ಸಾಲು ನಿಂದಾ?"

ನೇರವಾದ ಪ್ರಶ್ನೆ. ನೇರವಾದ ಉತ್ತರವೂ ನನ್ನ ಬಾಯಲ್ಲಿತ್ತು. ಆ ಸಾಲನ್ನು ನೋಡಿದ ಕೂಡಲೇ ನನ್ನ ಕೈಬರಹದ ಹಾಗೆ ಗುರುತು ಹಿಡಿದಿದ್ದೆ. ಚಿಕ್ಕದು, ಚೊಕ್ಕದು, ಒಂದು ಅಕ್ಷರ ಹೆಚ್ಚಿಲ್ಲ. ಅಷ್ಟು ಚೊಕ್ಕವಾಗಿ ಬರೆಯುವವರು ಆ ಕಚೇರಿಯಲ್ಲಿ ಬೇರೆ ಯಾರಿದ್ದಾರೆ?

"ನೆನಪಿಲ್ಲ," ಎಂದೆ. "ನೋಡ್ಬೇಕು."

ಅರವತ್ತು ವರ್ಷದ ಹೆಂಗಸು, ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂರುವವಳು, ಎರಡು ಪದದ ಸುಳ್ಳು ಹೇಳಿದೆ. ಹೆಸರು ಎಲ್ಲೂ ಇಲ್ಲವೆಂದು ಮೂರು ವಾರ ಹೊಟ್ಟೆ ಉರಿದುಕೊಂಡವಳಿಗೆ, ಈಗ ಅದು ಇಲ್ಲದಿರುವುದೇ ಹಾಯೆನಿಸಿತು. ಆ ಹಾಯೆನಿಸಿದ್ದಕ್ಕೆ ಆಗಲೇ ನಾಚಿಕೆಯೂ ಆಯಿತು.

"ಶುಕ್ರವಾರ ಶಾಲೆಯವರು ಬರ್ತಿದಾರೆ," ಎಂದ ವರ್ನ್ ಮೆತ್ತಗೆ. ಅವನು ಮೆತ್ತಗಾದಷ್ಟೂ ಭಯ. "ತಪ್ಪು ಮಾಡಿದವರು ಈಗ ನಮ್ಮಲ್ಲಿಲ್ಲ ಅಂತ ಹೇಳದೆ ಇದ್ರೆ ಅವರು ನಮ್ಮನ್ನ ಬಿಟ್ಟು ಹೋಗ್ತಾರೆ. ರೆನಾಟಾ, ನಿನ್ನ ತೊಂಬತ್ತು ದಿನ ಇನ್ನೂ ಮುಗಿದಿಲ್ಲ. ನನ್ನ ಸ್ಥಿತಿ ಅರ್ಥ ಮಾಡ್ಕೋ."

ರೆನಾಟಾ ಕುಂಟುತ್ತಾ ಹೋಗಿ ತನ್ನ ಕಾಫಿ ಲೋಟ ತೊಳೆದಳು. ಬಹಳ ಹೊತ್ತು ತೊಳೆದಳು.

ಊಟದ ಹೊತ್ತಿಗೆ ನಾನು ಮನೆಗೆ ಹೋದೆ. ಗಾಡಿ ಮೆಲ್ಲಗೆ ಓಡಿಸುತ್ತಾ ಮನಸ್ಸಿನಲ್ಲೇ ವಕಾಲತ್ತು ಮಾಡಿಕೊಂಡೆ. ಆ ಸಾಲು ನನ್ನದಲ್ಲದಿರಬಹುದು. ವರ್ನ್ ಮೊದಲು ಗಲೀಜಾಗಿ ಬರೆದಿರಬೇಕು, ನಾನು ಅದನ್ನು ಬರಿದೆ ಚೊಕ್ಕ ಮಾಡಿರಬೇಕು, ತಪ್ಪು ಮೂಲದಲ್ಲೇ ಇದ್ದಿರಬೇಕು. ಹಾಗಾದರೆ ತಪ್ಪು ಅವನದು, ಎಲ್ಲರೂ ಬಚಾವ್. ಈ ಲೆಕ್ಕ ನನಗೆ ಎಷ್ಟು ಹಿಡಿಸಿತೆಂದರೆ, ನೆಲಮಾಳಿಗೆಯ ಮೆಟ್ಟಿಲು ಇಳಿಯುವಾಗ ಹಾಡು ಗುನುಗುತ್ತಿದ್ದೆ.

ಡಬ್ಬಿ ತೆಗೆದು, ಡಿಸ್ಕನ್ನು ಹಳೆಯ ಕಂಪ್ಯೂಟರಿಗೆ ಚುಚ್ಚಿ, ಹಿಂದಕ್ಕೆ ಹಿಂದಕ್ಕೆ ಹೋದೆ. ತೊಂಬತ್ತನಾಲ್ಕು, ಫೆಬ್ರವರಿ ಹನ್ನೊಂದು, ಲೋರ್ನಾ, ಅಂತಿಮ. ನನ್ನ ಆ ಒಂದು ಸಾಲು ಅಲ್ಲಿತ್ತು. ಅದರ ಹಿಂದಿನದನ್ನು ತೆರೆದೆ. ಫೆಬ್ರವರಿ ಒಂಬತ್ತು, ವರ್ನ್, ಅಂತಿಮ. ಅಲ್ಲಿ ಅದೇ ಕೆಲಸಕ್ಕೆ ಏಳು ಸಾಲು. ಮೂವತ್ತೆರಡಕ್ಕಿಂತ ಕಡಿಮೆ ಇದ್ದರೆ ರಸ್ತೆ ಬಿಡು. ಮೂವತ್ತೆರಡೇ ಇದ್ದರೂ ರಸ್ತೆ ಬಿಡು. ಅದರ ಪಕ್ಕದಲ್ಲಿ ಒಂದು ಟಿಪ್ಪಣಿ: 'ಮೂವತ್ತೆರಡಕ್ಕೂ ಐಸ್ ಆಗುತ್ತೆ, ನಾನೇ ಬಿದ್ದಿದ್ದೀನಿ.'

ಅವನು ಸರಿಯಾಗಿ ಬರೆದಿದ್ದ. ಕೆಡಿಸಿದವಳು ನಾನು.

ಆ ದಿನ ಇಡಿಯಾಗಿ ನೆನಪಾಯಿತು. ಜಾಕೀಟು ಹಾಕಿಕೊಂಡು ಕೂತವಳು ಈ ಏಳು ಸಾಲು ನೋಡಿ ನಕ್ಕಿದ್ದೆ. ಒಬ್ಬಳೇ ನಕ್ಕಿದ್ದರೆ ಆಗುತ್ತಿತ್ತು. ಅವತ್ತು ಕಚೇರಿಗೆ ಕೆಲವು ಗಿರಾಕಿಗಳು ಬಂದಿದ್ದರು, ವರ್ನ್‌ನ ಹೆಂಡತಿಯೂ ಇದ್ದಳು. ಅವರೆಲ್ಲರ ಎದುರು ಆ ಏಳು ಸಾಲನ್ನು ಭಾಷಣದ ಧಾಟಿಯಲ್ಲಿ ಗಟ್ಟಿಯಾಗಿ ಓದಿ, "ನಮ್ಮ ವರ್ನ್ ಕೋಡ್ ಬರೆಯಲ್ಲ, ಉಯಿಲು ಬರೀತಾನೆ," ಎಂದಿದ್ದೆ. ಎಲ್ಲರೂ ನಕ್ಕಿದ್ದರು. ವರ್ನ್ ಕೂಡ. ಡಿಸ್ಕಿನಲ್ಲಿ ಫೆಬ್ರವರಿ ಒಂಬತ್ತರ ಮುಂದೆ ಅವನ ಹೆಸರಿನ ಫೋಲ್ಡರಿಗಾಗಿ ಹುಡುಕಿದೆ. ತೊಂಬತ್ತೈದು, ಎರಡು ಸಾವಿರ, ಈ ವರ್ಷ. ಒಂದೂ ಇಲ್ಲ. ಅವನು ಆಮೇಲೆ ಜಾಕೀಟನ್ನು ಮುಟ್ಟೇ ಇರಲಿಲ್ಲ. ಅವನಿಗೆ ಮಾರುವ ಕೆಲಸವೇ ಇಷ್ಟ ಎಂದು ಹದಿನೇಳು ವರ್ಷ ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಾಡಿಯಲ್ಲಿ ಕೂತೆ. ಮನೆಯಿಂದ ಸರೋವರ ಎರಡು ಬೀದಿ. ಒಂದು ಎಸೆತ ಎಸೆದರೆ ಮುಗಿಯಿತು, ಯಾರಿಗೂ ಯಾವತ್ತೂ ಗೊತ್ತಾಗುವುದಿಲ್ಲ. ಸುಳ್ಳು ಹೇಳಲಾರೆ, ಹಾಗೆಂದು ಯೋಚಿಸಿದೆ. ಗಾಡಿಯನ್ನು ಆ ಕಡೆ ತಿರುಗಿಸಿಯೂ ಇದ್ದೆ. ಮೂಲೆಯ ಮನೆಯೆದುರು ಒಂದು ಹೆಂಗಸು ಮೆಟ್ಟಿಲಿಗೆ ಉಪ್ಪು ಎರಚುತ್ತಾ, ಕಂಬಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಲೋಟ ತೊಳೆಯಲು ಹೋದ ರೆನಾಟಾಳ ನಡಿಗೆ ಕಣ್ಣ ಮುಂದೆ ಬಂತು. ನನ್ನನ್ನು ನಾನೇ ಬೈದುಕೊಂಡು ಗಾಡಿ ತಿರುಗಿಸಿದೆ.

ರೆನಾಟಾ ತನ್ನ ಸಾಮಾನನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ಡಬ್ಬಿಯನ್ನು ಮೇಜಿನ ಮೇಲಿಟ್ಟೆ.

"ಬಿಸ್ಕತ್ತು ಬೇಡ ಲೋರ್ನಾ," ಎಂದಳು ತಲೆ ಎತ್ತದೆ.

"ಬಿಸ್ಕತ್ತಲ್ಲ. ತೆಗೆದು ನೋಡು."

ತೆಗೆದಳು. ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದಳು. ನಾನೂರು ಹೆಸರುಗಳು ತೆರೆಯ ಮೇಲೆ ಸಾಲುಗಟ್ಟಿ ಇಳಿದವು.

"ಹಳೇ ಫೋಲ್ಡರ್‌ಗಳು! ಎಲ್ಲಾ ಇದೆಯಾ? ಅಯ್ಯೋ ದೇವರೇ, ತಾರೀಕು ಇದೆ, ಯಾರು ತಿದ್ದಿದ್ದು ಅಂತ ಹೆಸರೂ ಇದೆ!"

"ಜಾಕೀಟು ಹಾಕಿದೋರ ಹೆಸರು."

"ನೀವು ಇಪ್ಪತ್ತು ವರ್ಷ ಕೈಯಲ್ಲೇ ಗಿಟ್ ಮಾಡ್ತಿದ್ರಿ ಗೊತ್ತಾ?" ಅವಳ ಮುಖ ಅರಳಿತ್ತು. "ಒಂದೊಂದನ್ನೇ ಕ್ರಮವಾಗಿ ಒಳಗೆ ಹಾಕ್ತಾ ಹೋದ್ರೆ ಪೂರ್ತಿ ಚರಿತ್ರೆ ವಾಪಸ್ ಬರುತ್ತೆ. ಬರೆದೋರ ಹೆಸರು, ಬರೆದ ದಿನ, ಎಲ್ಲಾ ಸರಿಯಾಗಿ."

"ಹಾಕು. ಆದ್ರೆ ಮೊದಲು ಒಂದು ವಿಷಯ ತಿಳ್ಕೋ. ಆ ಸಾಲು ನಂದು. ಬೆಳಿಗ್ಗೆನೇ ಗೊತ್ತಿತ್ತು ನಂಗೆ."

ಅವಳ ಕೈ ನಿಂತಿತು. ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಕೂತ್ಕೊಳ್ಳಿ," ಎಂದಳು ಕೊನೆಗೆ. "ತೊಂಬತ್ತೊಂದರದ್ದರಿಂದ ಓದಿ ಹೇಳ್ತಾ ಹೋಗಿ. ಇದರಲ್ಲಿ ಯಾವ ಅಂತಿಮ ಯಾವುದಕ್ಕಿಂತ ಮೊದಲಿನದು ಅಂತ ನಿಮಗೆ ಬಿಟ್ರೆ ದೇವರಿಗೂ ಗೊತ್ತಿರಲ್ಲ."

ಮೂರು ಗಂಟೆ ಹಿಡಿಯಿತು. ನಾನು ಓದಿದೆ, ಅವಳು ಹಾಕಿದಳು. ಎಮೆಟ್ ಬಂದು, ನೋಡಿ, ಜೀವಮಾನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು, ಮೂವರಿಗೂ ಕಾಫಿ ತಂದಿಟ್ಟ. ನಾಲ್ಕು ಗಂಟೆಗೆ ವರ್ನ್‌ನನ್ನು ಕರೆದೆ.

"ನಿನ್ನ ಆಜ್ಞೆ ಒತ್ತು ವರ್ನ್. ಈಗ ಕೇಳು ಯಾರದು ಅಂತ."

ಒತ್ತಿದ. ಲೋರ್ನಾ ಹೌಗೆನ್, ಫೆಬ್ರವರಿ ೧೧, ೧೯೯೪.

ಅವನು ಬಿಸ್ಕತ್ತಿನ ಡಬ್ಬಿ ನೋಡಿದ, ಡಿಸ್ಕ್ ನೋಡಿದ, ನನ್ನ ಮುಖ ನೋಡಿದ. "ಮನೆಗೆ ತಗೊಂಡು ಹೋಗ್ತಿದ್ಯಾ?"

"ಹೌದು. ಇಪ್ಪತ್ತು ವರ್ಷದಿಂದ. ಅದಕ್ಕೆ ಆಮೇಲೆ ಬೈಯ್ಯುವಂತೆ. ಬೆಳಿಗ್ಗೆ ನೆನಪಿಲ್ಲ ಅಂದಿದ್ದು ಸುಳ್ಳು. ಶುಕ್ರವಾರ ಶಾಲೆಯೋರ ಮುಂದೆ ನಾನೇ ಹೇಳ್ತೀನಿ. ಯಾರನ್ನಾದ್ರೂ ಕಳಿಸಬೇಕಾದ್ರೆ ನನ್ನ ಕಳಿಸು. ಈಗ ಇನ್ನೊಂದು ಹೆಜ್ಜೆ ಹಿಂದೆ ಹೋಗು."

ರೆನಾಟಾ ಒಂದು ಹೆಜ್ಜೆ ಹಿಂದೆ ತೋರಿಸಿದಳು. ಏಳು ಸಾಲು. ಏಳರ ಮುಂದೆಯೂ ಒಂದೇ ಹೆಸರು, ವರ್ನ್ ಸ್ಕೋಗ್‌ಸ್ಟಾಡ್.

ಅವನು ಕನ್ನಡಕ ಸರಿಮಾಡಿಕೊಂಡು ಓದಿದ. ಮತ್ತೆ ಮೇಲಿಂದ ಓದಿದ. ತನ್ನ ಟಿಪ್ಪಣಿಯ ಮೇಲೆ ಬೆರಳಿಟ್ಟ.

"ಇದು ಬರ್ದಿದ್ದು ನಂಗೆ ನೆನಪೇ ಇಲ್ಲ," ಎಂದ. "ನೀನು ಓದಿ ಹೇಳಿದ್ದು ಮಾತ್ರ ನೆನಪಿದೆ."

ನನಗೆ ಅತ್ತುಬಿಡಬೇಕೆನಿಸಿತು. ನಮ್ಮ ಕಡೆ ಕಚೇರಿಯಲ್ಲಿ ಅಳುವ ಪದ್ಧತಿ ಇಲ್ಲ, ಆದ್ದರಿಂದ ಮೂಗು ಒರೆಸಿಕೊಂಡೆ.

"ರೆನಾಟಾ," ಎಂದ ವರ್ನ್, "ಆ ಪೆಟ್ಟಿಗೆಯಿಂದ ಸಾಮಾನು ತೆಗೆದಿಡು. ನಾನು ಬೆಳಿಗ್ಗೆ ಆಡಿದ್ದು ತಪ್ಪು. ವಿಮೆ ಕಾಗದ ಕೊಡು, ಹನ್ನೆರಡರವರೆಗೂ ಯಾಕೆ ಕಾಯೋದು."

"ಮೇಜಿನ ಮೇಲೇ ಇದೆ. ಸೆಪ್ಟೆಂಬರಿಂದ ಅಲ್ಲೇ ಇದೆ," ಎಂದಳು ಅವಳು. ಎಮೆಟ್ ನಕ್ಕ, ಆಮೇಲೆ ವರ್ನ್ ಕೂಡ ಸ್ವಲ್ಪ ನಕ್ಕ.

ಇನ್ನು ಆ ಸಾಲು ಸರಿಮಾಡಬೇಕಿತ್ತು. ಎಲ್ಲರೂ ನನ್ನ ಕಡೆ ನೋಡಿದರು. ಎರಡು ಕ್ಷಣದ ಕೆಲಸ, ಒಂದೇ ಒಂದು ಚಿಹ್ನೆ ಸೇರಿಸಿದರೆ ಮುಗಿಯಿತು. ನಾನು ಕುರ್ಚಿಯಿಂದ ಎದ್ದೆ.

"ಅವನು ಬರೀಲಿ," ಎಂದೆ. "ಅದು ಅವನ ಸಾಲು."

"ನಾನಾ? ನಾನು ಕೀಲಿಮಣೆ ಮುಟ್ಟಿ ಹದಿನೇಳು ವರ್ಷ ಆಯ್ತು ಕಣೆ."

"ಕೂತ್ಕೋ."

ಕೂತ. ಎರಡು ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತಿದ. ಹಿಂದಿನ ಏಳು ಸಾಲುಗಳನ್ನು ನೋಡಿಕೊಂಡು ಅದೇ ಏಳು ಸಾಲು ಬರೆದ. ಏಳೂ ಬೇಕಿರಲಿಲ್ಲ, ಒಂದು ಸಾಕಿತ್ತು. ನನ್ನ ಕೈ ಕಡಿಯಿತು. ಎರಡೂ ಕೈಗಳನ್ನು ಸ್ವೆಟರಿನ ಜೇಬಿಗೆ ತುರುಕಿಕೊಂಡು ನಿಂತೆ. ಮುಗಿಸಿ ಅವನು ಪರೀಕ್ಷೆ ನಡೆಸಿದ, ಮೂವತ್ತೆರಡು ಎಂದು ಕೊಟ್ಟ. ಟಿಶ್ಲರ್ ರಸ್ತೆಯನ್ನು ಬಿಟ್ಟು ಬಸ್ಸು ಸುತ್ತುದಾರಿ ಹಿಡಿಯಿತು. ವರ್ನ್‌ನ ಕಿವಿ ಕೆಂಪಗಾಗಿತ್ತು.

"ಈಗ ಏನು ಒತ್ಬೇಕು?"

"ನನ್ನ ಕೇಳ್ಬೇಡ, ನಾನು ಪಾಠ ಕೇಳದೆ ಮುಖ ಊದಿಸ್ಕೊಂಡು ಕೂತಿದ್ದೆ," ಎಂದೆ.

"ಅದಕ್ಕೇ ನೀವೇ ಒತ್ತಬೇಕು," ಎಂದು ರೆನಾಟಾ ಕೀಲಿಮಣೆಯನ್ನು ನನ್ನ ಕಡೆ ತಳ್ಳಿದಳು. "ಬರೆದವರು ಅಂತ ವರ್ನ್ ಹೆಸರು, ದಾಖಲಿಸಿದವರು ಅಂತ ನಿಮ್ಮ ಹೆಸರು. ಎರಡನ್ನೂ ಬೇರೆ ಬೇರೆ ಇಟ್ಕೊಳ್ಳುತ್ತೆ ಇದು. ಟಿಪ್ಪಣಿ ಚಿಕ್ಕದಾಗಿರಲಿ."

ನಾನು ವರ್ನ್ ಹೆಸರು ಹಾಕಿದೆ. ಆಮೇಲೆ ಟಿಪ್ಪಣಿಯ ಜಾಗದಲ್ಲಿ ಮಿಣುಕುತ್ತಿದ್ದ ಗೆರೆಯನ್ನು ನೋಡುತ್ತಾ ಕೂತೆ. ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿದೆ. ಕೊನೆಗೆ ಹೀಗೆ ಬರೆದೆ: 'ಮೂವತ್ತೆರಡಕ್ಕೂ ಐಸ್ ಆಗುತ್ತೆ. ೧೯೯೪ರಲ್ಲಿ ವರ್ನ್ ಸರಿಯಾಗಿ ಬರೆದಿದ್ದ. ನಾನು ಕೆಡಿಸಿದೆ, ಮತ್ತು ನಕ್ಕೆ.'

ವರ್ನ್ ನನ್ನ ಭುಜದ ಮೇಲಿಂದ ಬಗ್ಗಿ ಓದಿದ.

"ಕೊನೇದು ತೆಗೆದುಬಿಡು ಲೋರ್ನಾ," ಎಂದ. "ಬಸ್ಸಿಗೂ ಅದಕ್ಕೂ ಏನು ಸಂಬಂಧ?"

"ಇರಲಿ," ಎಂದು ಒತ್ತಿದೆ.